ಫ್ಯಾಂಟಸಿ ಲೀಗ್: ಲೆಕ್ಕದಾಟ ಎಲ್ಲಿ ಮುಗಿಯುತ್ತೆ, ಬಾಜಿ ಎಲ್ಲಿ ಶುರುವಾಗುತ್ತೆ?

ನಮ್ಮದೊಂದು ಹಾಕಿ ಪೂಲ್ ಇದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಎಂಟು ಜನ, ಎಲ್ಲರೂ ಒಂದೇ ಇಂಜಿನಿಯರಿಂಗ್ ಬ್ಯಾಚಿನವರು. ಕಬಡ್ಡಿ, ಕ್ರಿಕೆಟ್ಟಿನ ಊರಿಗೆ ಹಾಕಿ ಎಲ್ಲಿಂದ ಬಂತು ಅಂದ್ರೆ, ಹಾಸ್ಟೆಲ್‌ನಲ್ಲಿದ್ದ ಕೊಡಗಿನ ಗೆಳೆಯ ಹತ್ತಿಸಿದ ಹುಚ್ಚು. 2013ರಿಂದ 2017ರವರೆಗೆ ನಡೆದು ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್ 28ಕ್ಕೆ ಮತ್ತೆ ಶುರುವಾದಾಗ ನಮ್ಮ ಪೂಲ್ ಕೂಡ ಶುರುವಾಯ್ತು. ಎಂಟ್ರಿ ಫೀ ಇಲ್ಲ, ಬಹುಮಾನ ಇಲ್ಲ. ಪ್ರತಿ ಭಾನುವಾರ ರಾತ್ರಿ ಪಟ್ಟಿ ಬರುತ್ತೆ. ಮೊದಲ ಸ್ಥಾನದವನಿಗೆ ಸಿಗೋದು ಒಂದೇ: ಮುಂದಿನ ಭಾನುವಾರದವರೆಗೆ ಉಳಿದವರನ್ನ ರೇಗಿಸೋ ಹಕ್ಕು.

ಅದೇ ಎಂಟು ಜನರಲ್ಲಿ ಒಬ್ಬ, ಮಳವಳ್ಳಿ ಕಡೆಯವನು, ದುಡ್ಡಿನ ಫ್ಯಾಂಟಸಿ ಆ್ಯಪ್‌ನಲ್ಲಿ ಅಪ್ಪನ ಕಬ್ಬಿನ ಬಿಲ್ ಕಳೆದಿದ್ದ. ಎರಡೂ ಕಡೆ ಆಟ ಒಂದೇ, ತಂಡ ಕಟ್ಟೋದೂ ಒಂದೇ. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ?

ಫ್ಯಾಂಟಸಿ ಪೂಲ್ ಅಂದ್ರೆ ಏನು?

ನಿಜವಾದ ಆಟಗಾರರನ್ನ ಆರಿಸಿ ಕಾಗದದ ಮೇಲೆ ಒಂದು ತಂಡ ಕಟ್ಟೋದು. ಅವರು ಮೈದಾನದಲ್ಲಿ ಮಾಡಿದ್ದಕ್ಕೆ ನಿಮ್ಮ ತಂಡಕ್ಕೆ ಪಾಯಿಂಟ್ಸ್. ಇದರ ಇವತ್ತಿನ ರೂಪ 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿತು. ಡೇನಿಯಲ್ ಓಕ್ರೆಂಟ್ ಎಂಬ ಪತ್ರಕರ್ತ ಮತ್ತು ಗೆಳೆಯರು ಬೇಸ್‌ಬಾಲ್‌ಗೆ ಶುರುಮಾಡಿದರು. ತಾವು ಸೇರುತ್ತಿದ್ದ ರೆಸ್ಟೋರೆಂಟಿನ ಹೆಸರನ್ನೇ ಹಿಡಿದು 'ರೊಟಿಸರಿ' ಲೀಗ್ ಅಂದರು. ಕೆನಡಾದಲ್ಲಿ ಐಸ್ ಹಾಕಿಗೆ 'ಹಾಕಿ ಪೂಲ್' ಕಟ್ಟೋದು ಆಫೀಸುಗಳಲ್ಲಿ ಮಾಮೂಲಿ. ಭಾರತದಲ್ಲಿ ಇದನ್ನ ಮನೆಮಾತಾಗಿಸಿದ ಡ್ರೀಮ್11 ಹುಟ್ಟಿದ್ದು 2008ರಲ್ಲಿ, ಐಪಿಎಲ್ ಶುರುವಾದ ವರ್ಷವೇ.

ಹಳೇ ಪೂಲ್‌ಗೂ ಆ್ಯಪ್‌ಗೂ ಒಂದು ದೊಡ್ಡ ಫರಕ್ ಇದೆ. ಪೂಲ್‌ನಲ್ಲಿ ಸರದಿ ಪ್ರಕಾರ ಆರಿಸ್ತೀವಿ, ಒಬ್ಬ ಆಟಗಾರ ಒಂದೇ ತಂಡಕ್ಕೆ. ಆ್ಯಪ್‌ನಲ್ಲಿ ಒಬ್ಬನೇ ಸ್ಟಾರ್‌ನನ್ನ ಲಕ್ಷ ಜನ ಇಟ್ಕೋಬಹುದು. ಹಾಗಾಗಿ ಅಲ್ಲಿ ಗೆಲ್ಲಿಸೋದು ಬಹುಪಾಲು ಕ್ಯಾಪ್ಟನ್ ಆಯ್ಕೆ. ಕ್ಯಾಪ್ಟನ್‌ಗೆ ಎರಡು ಪಟ್ಟು, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು. 2019ರ ಜನವರಿ 5ರ ಪ್ರೊ ಕಬಡ್ಡಿ ಫೈನಲ್ ನೆನಪಿಸ್ಕೊಳ್ಳಿ. ಬೆಂಗಳೂರು ಬುಲ್ಸ್ 38-33ರಿಂದ ಗುಜರಾತನ್ನ ಸೋಲಿಸಿದ ಪಂದ್ಯ. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದಿದ್ದ. ರೇಡಿನ ಒಂದು ಪಾಯಿಂಟಿಗೆ ಒಂದು ಅಂತ ಲೆಕ್ಕ ಹಾಕಿದರೂ, ಅವನನ್ನ ಕ್ಯಾಪ್ಟನ್ ಮಾಡಿದವನಿಗೆ 44, ಮಾಡದವನಿಗೆ 22. ಉಳಿದ ಆರು ಜನರನ್ನ ಎಷ್ಟೇ ತಲೆ ಓಡಿಸಿ ಆರಿಸಿದ್ದರೂ ಆ ಕಂದಕ ತುಂಬೋದು ಕಷ್ಟ.

ಪಾಯಿಂಟ್ಸ್ ಯಾರು ನಿರ್ಧರಿಸ್ತಾರೆ?

ನಿಯಮ ಬರೆದವರು. ಅವರೇ ಅರ್ಧ ಫಲಿತಾಂಶವನ್ನೂ ಬರೆದಿರ್ತಾರೆ. ನಮ್ಮ ಪೂಲ್‌ನಲ್ಲಿ ಫೀಲ್ಡ್ ಗೋಲ್‌ಗೆ 8, ಪೆನಾಲ್ಟಿ ಕಾರ್ನರ್ ಗೋಲ್‌ಗೆ 6, ಸ್ಟ್ರೋಕ್‌ಗೆ 4. ಗ್ರೀನ್ ಕಾರ್ಡ್‌ಗೆ 1, ಯೆಲ್ಲೋ ಕಾರ್ಡ್‌ಗೆ 3 ಕಡಿತ. ಗೋಲ್ ಬಿಟ್ಟುಕೊಡದ ಕೀಪರ್‌ಗೆ 10. ಈಗ ಡ್ರ್ಯಾಗ್‌ಫ್ಲಿಕ್ಕರ್ ಮೂರು ಕಾರ್ನರ್ ಗೋಲ್ ಹೊಡೆದರೆ 18, ಫಾರ್ವರ್ಡ್ ಎರಡು ಫೀಲ್ಡ್ ಗೋಲ್ ಹೊಡೆದರೆ 16. ಕಾರ್ನರ್ ಗೋಲ್‌ಗೆ 6ರ ಬದಲು 5 ಇಟ್ಟರೆ 18 ಹೋಗಿ 15 ಆಗುತ್ತೆ, ಪಟ್ಟಿ ತಲೆಕೆಳಗಾಗುತ್ತೆ. ಇದೇನು ನಮ್ಮ ತರಲೆ ಮಾತ್ರ ಅಲ್ಲ. 2016 ಮತ್ತು 2017ರ ಹಾಕಿ ಇಂಡಿಯಾ ಲೀಗ್‌ನಲ್ಲಿ ಒಂದು ಫೀಲ್ಡ್ ಗೋಲನ್ನ ನಿಜವಾದ ಸ್ಕೋರಿನಲ್ಲೇ ಎರಡು ಅಂತ ಎಣಿಸ್ತಿದ್ದರು.

ಮರಳಿ ಬಂದ ಲೀಗ್‌ನಲ್ಲಿ ಹರಾಜಿನ ಅತಿ ದುಬಾರಿ ಆಟಗಾರ ಹರ್ಮನ್‌ಪ್ರೀತ್ ಸಿಂಗ್, 78 ಲಕ್ಷಕ್ಕೆ ಸೂರ್ಮಾ ಕ್ಲಬ್ ಪಾಲಾದರು. ನಮ್ಮ ಆಯ್ಕೆಯಲ್ಲೂ ಮೊದಲ ಸರದಿ ಸಿಕ್ಕವನು ಅವರನ್ನೇ ಎತ್ತಿಕೊಂಡ. ಆದರೆ ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲ್ ಬಂದಿದ್ದು ಬೆಂಗಾಲ್ ಟೈಗರ್ಸ್‌ನ ಜುಗರಾಜ್ ಸಿಂಗ್ ಅವರಿಂದ: 12. 2025ರ ಫೆಬ್ರವರಿ 1ರಂದು ರೂರ್ಕೆಲಾದಲ್ಲಿ ನಡೆದ ಫೈನಲ್‌ನಲ್ಲಿ ಹ್ಯಾಟ್ರಿಕ್ ಬೇರೆ. ಟೈಗರ್ಸ್ 4-3ರಿಂದ ಹೈದರಾಬಾದ್ ತೂಫಾನ್ಸ್ ಮೇಲೆ ಗೆದ್ದರು. ಜುಗರಾಜ್‌ನನ್ನ ನಾಲ್ಕನೇ ಸರದಿಯಲ್ಲಿ ಎತ್ತಿಕೊಂಡಿದ್ದ ಮದ್ದೂರಿನವನ ಮಾತು ಇನ್ನೂ ನಿಂತಿಲ್ಲ: "ನಾನೇಳ್ಲಿಲ್ವ ಕಲಾ?"

ವಾರದ ಪಟ್ಟಿ ಓದೋದು ಹೇಗೆ?

ಪಟ್ಟಿಯಲ್ಲಿ ಎರಡು ಕಾಲಂ: ಈ ವಾರದ್ದು, ಒಟ್ಟು. ಅರ್ಥವಾಗಲಿ ಅಂತ ಒಂದು ಮಾದರಿ ಲೆಕ್ಕ. ನಾಲ್ಕು ವಾರದ ನಂತರ ಮಂಡ್ಯ ತಂಡ 212, ಮದ್ದೂರು 205, ಮಳವಳ್ಳಿ 171. ಐದನೇ ವಾರ ಮಂಡ್ಯಕ್ಕೆ 38, ಮದ್ದೂರಿಗೆ 41, ಮಳವಳ್ಳಿಗೆ 76.

- ಮಂಡ್ಯ: ಒಟ್ಟು 250
- ಮಳವಳ್ಳಿ: ಒಟ್ಟು 247
- ಮದ್ದೂರು: ಒಟ್ಟು 246

ವಾರದ ರಾಜ ಮಳವಳ್ಳಿ, ಮುಂದಿರೋದು ಮಂಡ್ಯ. ಒಂದು ಒಳ್ಳೇ ವಾರ ಯಾರಿಗೆ ಬೇಕಾದ್ರೂ ಬರಬಹುದು. ಐದು ವಾರ ಸತತವಾಗಿ ಪಾಯಿಂಟ್ ತರೋಕೆ ಆಟ ಗೊತ್ತಿರಬೇಕು. ಅಂದ್ರೆ ಅದೃಷ್ಟ ಇರೋದು ವಾರದ ಕಾಲಂನಲ್ಲಿ, ಕೌಶಲ ಕಾಣೋದು ಒಟ್ಟು ಕಾಲಂನಲ್ಲಿ. ದುಡ್ಡಿನ ಆ್ಯಪ್‌ಗಳು ಮಾಡಿದ್ದು ಏನು? ಒಟ್ಟು ಕಾಲಂ ಅಳಿಸಿಹಾಕಿ, ಒಂದೊಂದು ಪಂದ್ಯವನ್ನೂ ಒಂದೊಂದು ಸ್ಪರ್ಧೆ ಮಾಡಿದ್ದು.

ಹಾಗಾದ್ರೆ ಇದು ಕೌಶಲವೋ ಜೂಜೋ?

ಕೋರ್ಟುಗಳು ಹೆಚ್ಚಾಗಿ ಕೌಶಲ ಅಂದಿವೆ. 1996ರ ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನೇ ಕೌಶಲದಾಟ ಅಂತ ಒಪ್ಪಿತು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಡ್ರೀಮ್11 ಬಗ್ಗೆಯೂ ಅದನ್ನೇ ಹೇಳಿತು. ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನ ರದ್ದುಮಾಡಿತು.

ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ವಾದವನ್ನೇ ಪಕ್ಕಕ್ಕಿಟ್ಟಿದೆ. ಕೌಶಲವೋ ಅದೃಷ್ಟವೋ, ಗೆಲ್ಲೋ ಆಸೆಯಿಂದ ದುಡ್ಡು ಕಟ್ಟಿದರೆ ಅದು ನಿಷಿದ್ಧ. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಮೂರು ದಿನದಲ್ಲಿ ಮುಗಿದ ಕೆಲಸ. ಆಟ ನಡೆಸಿದರೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿವರೆಗೆ ದಂಡ, ಇಲ್ಲವೇ ಎರಡೂ. ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ. ಡ್ರೀಮ್11 ದುಡ್ಡಿನ ಸ್ಪರ್ಧೆ ನಿಲ್ಲಿಸಿತು, ಭಾರತ ತಂಡದ ಜೆರ್ಸಿಯಿಂದಲೂ ಹೆಸರು ಹೋಯ್ತು. ಕಾಯ್ದೆಯನ್ನ ಪ್ರಶ್ನಿಸಿ ಕರ್ನಾಟಕ ಸೇರಿ ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದ ಅರ್ಜಿಗಳನ್ನ ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೇ ತರಿಸಿಕೊಂಡಿತು.

ಸಂಸತ್ತಿನಲ್ಲಿ ಸರಿಯಾದ ಚರ್ಚೆಯೇ ಇಲ್ಲದೆ ಇಷ್ಟು ದೊಡ್ಡ ನಿಷೇಧ ತಂದಿದ್ದು ಸರಿಯಲ್ಲ. ಅದನ್ನ ಹೇಳಲೇಬೇಕು. 2023ರ ಅಕ್ಟೋಬರ್‌ನಿಂದ ಇದೇ ಆಟದ ಠೇವಣಿ ಮೇಲೆ ಶೇ 28 ಜಿಎಸ್‌ಟಿ ವಸೂಲಿ ಮಾಡಿದ್ದೂ ಇದೇ ಸರ್ಕಾರ. ಆದರೆ 'ಕೌಶಲದಾಟ' ಅನ್ನೋ ಮಾತೂ ಅರ್ಧಸತ್ಯವೇ.

ಲೆಕ್ಕ ಎಲ್ಲಿ ತಪ್ಪುತ್ತೆ?

ಹತ್ತು ಜನ ತಲಾ 100 ರೂಪಾಯಿ ಹಾಕಿದರೆ 1,000. ಗೆಳೆಯರ ನಡುವೆ ಆದರೆ ಆ ಸಾವಿರವೂ ಯಾರಾದರೊಬ್ಬರ ಜೇಬಿಗೆ ವಾಪಸ್. ನಡುವೆ ಕಂಪನಿ ಬಂದು, ಉದಾಹರಣೆಗೆ, 150 ಹಿಡ್ಕೊಂಡರೆ ಉಳಿಯೋದು 850. ಸರಾಸರಿ ಆಟಗಾರ ಪ್ರತಿ ನೂರಕ್ಕೆ 15 ಕಳೀತಾನೆ. ನೂರು ಸ್ಪರ್ಧೆ ಆಡಿದರೆ 1,500. ಗೆದ್ದವನಿಗೂ ನಿವ್ವಳ ಗೆಲುವಿನ ಮೇಲೆ ಶೇ 30 ತೆರಿಗೆ. ಬಹುಮಾನದ ಬಹುಪಾಲು ಮೇಲಿನ ಕೆಲವರಿಗೇ ಹೋದರೆ ಕೆಳಗಿನವರ ನಷ್ಟ ಈ ಸರಾಸರಿಗಿಂತ ಜಾಸ್ತಿ. ಇದು ಕೆಟ್ಟ ಅದೃಷ್ಟ ಅಲ್ಲ, ಶಾಲೆ ಗಣಿತ.

ಮಳವಳ್ಳಿ ಗೆಳೆಯನಿಗೆ ಈ ಗಣಿತ ಬರ್ತಿರಲಿಲ್ಲ ಅಂತಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ಬರ್ತಿತ್ತು. ಕೆಲಸ ಇರಲಿಲ್ಲ. ಬೆಂಗಳೂರಿನಿಂದ ವಾಪಸ್ ಬಂದು ಎರಡು ವರ್ಷ ಮನೇಲಿದ್ದ. "ಆಟ ಗೊತ್ತಿರೋದೊಂದೆ ನಂಗೆ ಬರೋ ಕೆಲ್ಸ ಅನ್ಕಬುಟ್ಟಿದ್ದೆ" ಅಂದಿದ್ದ. ಮೊದಲು 49 ರೂಪಾಯಿ, ಆಮೇಲೆ ಚೀಟಿ ದುಡ್ಡು, ಕೊನೆಗೆ ಮುಂದಿನ ಬಿತ್ತನೆಗೆ ಇಟ್ಟಿದ್ದ ಕಬ್ಬಿನ ಬಿಲ್. ಮನೇಲಿ ಗೊತ್ತಾಗಿದ್ದು ಟ್ರ್ಯಾಕ್ಟರ್‌ನವನು ಬಾಡಿಗೆ ಕೇಳೋಕೆ ಬಂದಾಗ. ನಿಷೇಧ ಬಂದ ಮೇಲೆ ಇಂಥವರನ್ನ ಹುಡುಕಿಕೊಂಡು ಬರೋದು ಟೆಲಿಗ್ರಾಂ ಲಿಂಕ್‌ಗಳು, ವಿದೇಶಿ ಬೆಟ್ಟಿಂಗ್ ಸೈಟ್‌ಗಳು. ಬಾಗಿಲು ಮುಚ್ಚಿದ ಸರ್ಕಾರ, ಅವನು ಆ ಬಾಗಿಲಿಗೆ ಯಾಕೆ ಹೋದ ಅಂತ ಇನ್ನೂ ಕೇಳಿಲ್ಲ.

ನೀವೇ ಪೂಲ್ ಕಟ್ಟೋದಾದ್ರೆ

- ಎಂಟರಿಂದ ಹತ್ತು ಜನ ಸಾಕು. ಸರದಿ ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಬರಲಿ.
- ಪಾಯಿಂಟ್ ನಿಯಮ ಸೀಸನ್ನಿಗೆ ಮೊದಲೇ ಬರೆದಿಡಿ. ನಡುವೆ ಬದಲಾಯಿಸೋ ಹಾಗಿಲ್ಲ.
- ಪಟ್ಟಿಯಲ್ಲಿ ಎರಡೂ ಕಾಲಂ ಇರಲಿ.
- ದುಡ್ಡು ಬೇಡ. ಒಂದು ರೂಪಾಯಿಯೂ ಬೇಡ.

ನೀವೋ ಗೆಳೆಯರೋ ದುಡ್ಡಿನಾಟದಲ್ಲಿ ಸಿಕ್ಕಿಕೊಂಡಿದ್ದರೆ ಆನ್‌ಲೈನ್ ವಂಚನೆ ದೂರಿಗೆ 1930, ಮನಸ್ಸಿನ ನೆರವಿಗೆ ಟೆಲಿ ಮಾನಸ್ 14416.

ಮಳವಳ್ಳಿಯವನು ಈಗಲೂ ನಮ್ಮ ಪೂಲ್‌ನಲ್ಲಿದ್ದಾನೆ. ಭಾನುವಾರದ ಪಟ್ಟಿ ಬರೆಯೋದು ಅವನೇ. ಇಲ್ಲಿವರೆಗೆ ಒಂದು ಕೂಡಿಕೆಯೂ ತಪ್ಪಿಲ್ಲ.