ಜಾಝ್ ವಾದನದಲ್ಲಿ ಸ್ವರಗುಚ್ಛವೂ ಮನೋಧರ್ಮವೂ

1939ನೆಯ ಇಸವಿ ಅಕ್ಟೋಬರ್ 11ರಂದು ನ್ಯೂಯಾರ್ಕ್ ನಗರದಲ್ಲಿ ಸ್ಯಾಕ್ಸೊಫೋನ್ ವಾದಕನಾದ ಕೋಲ್ಮನ್ ಹಾಕಿನ್ಸನು ‘ಬಾಡಿ ಅಂಡ್ ಸೋಲ್’ ಎಂಬ ಪ್ರೇಮಗೀತವನ್ನು ಗ್ರಾಮಫೋನ್ ತಟ್ಟೆಗಾಗಿ ನುಡಿಸಿದನು. ಆರಂಭದ ಕೆಲವು ಆವರ್ತಗಳಲ್ಲಿ ಮಾತ್ರ ಮೂಲದ ಮಟ್ಟು ಕೇಳಿಬರುತ್ತದೆ. ಅನಂತರ ಅದು ಮರೆಯಾಗುತ್ತದೆ. ಆದರೂ ವಾದನವು ಎಲ್ಲಿಯೂ ದಾರಿತಪ್ಪಿದಂತೆ ತೋರದು. ಆತನು ಹಿಡಿದದ್ದು ಮಟ್ಟನ್ನಲ್ಲ, ಅದರ ಅಡಿಯಲ್ಲಿ ಸಾಗುವ ಸ್ವರಗುಚ್ಛಗಳ ಸಾಲನ್ನು.

ಮೂರು ನಾಲ್ಕು ಸ್ವರಗಳು ಒಮ್ಮೆಗೇ ನುಡಿದರೆ ಸ್ವರಗುಚ್ಛ. ಪಾಶ್ಚಾತ್ಯರು ಅದನ್ನು ಕಾರ್ಡ್ ಎನ್ನುವರು. ಪಂಚಮದ ಮೇಲೆ ಕಟ್ಟಿದ ಗುಚ್ಛವು ಷಡ್ಜದ ಗುಚ್ಛಕ್ಕೆ ಮರಳಲು ಹಾತೊರೆಯುವುದು. ಅದಕ್ಕೂ ಮುಂಚೆ ಬಹುಸಲ ರಿಷಭದ ಗುಚ್ಛವು ಬಂದು ದಾರಿಮಾಡಿಕೊಡುವುದು. ಈ ನಡೆಯನ್ನು ಗುರುತಿಸಿದ ವಾದಕನು ಮುಂದೆ ಸಲ್ಲುವ ಸ್ವರವನ್ನು ಮೊದಲೇ ಬಲ್ಲನು. ನಮ್ಮ ರಾಗಾಲಾಪನೆಯಲ್ಲಿರುವಂತೆ ಇಲ್ಲಿ ಆಧಾರವು ಸ್ಥಿರವಲ್ಲ; ಕಾಲಡಿಯ ನೆಲವೇ ಸರಿಯುತ್ತಿರುತ್ತದೆ. ಹಾಕಿನ್ಸನು ಆರಿಸಿದ ಗೀತದ ನಡುಭಾಗದಲ್ಲಂತೂ ಷಡ್ಜವೇ ಅರ್ಧ ಸ್ವರದಷ್ಟು ಮೇಲೇರುತ್ತದೆ. ಮಟ್ಟೊಂದನ್ನೇ ನಂಬಿದವನಿಗೆ ಅಲ್ಲಿ ಮುಗ್ಗರಿಸುವ ಭಯವುಂಟು.

ಈ ವಿದ್ಯೆಯಿಂದ ಹಕ್ಕಿನ ಪ್ರಶ್ನೆಯೂ ಎದ್ದಿತು. ಮಟ್ಟಿಗೆ ಒಡೆಯನುಂಟು, ಅವನಿಗೆ ಗೌರವಧನ ಸಲ್ಲಬೇಕು. ಗುಚ್ಛಗಳ ಸಾಲಿಗೆ ರೂಢಿಯಲ್ಲಿ ಒಡೆಯನಿಲ್ಲ. 1945ರ ನವೆಂಬರ್ 26ರಂದು ಚಾರ್ಲಿ ಪಾರ್ಕರನು ರೇ ನೋಬಲನ ‘ಚೆರೋಕೀ’ ಗೀತದ ಸಾಲಿನ ಮೇಲೆ ‘ಕೋ-ಕೋ’ವನ್ನು ನುಡಿಸಿದನು. ಮೊದಲ ಯತ್ನದಲ್ಲಿ ಮೂಲದ ಮಟ್ಟು ತಲೆದೋರಿದೊಡನೆ ವಾದನವು ಅರ್ಧಕ್ಕೆ ನಿಂತಿತು. ಆ ತುಣುಕು ಇಂದಿಗೂ ಕೇಳಸಿಗುತ್ತದೆ. ಪ್ರಕಟವಾದ ತಟ್ಟೆಯಲ್ಲಾದರೋ ‘ಚೆರೋಕೀ’ಯ ಮಟ್ಟು ಇಲ್ಲವೇ ಇಲ್ಲ, ಕರ್ತೃವಿನ ಸ್ಥಾನದಲ್ಲಿ ಪಾರ್ಕರನ ಹೆಸರಿದೆ.