ಕೊಳವೆಬಾವಿಯ ಆಳ, ಕಾವಲಿನ ಹುಲ್ಲು: ಇಂಧನ ಮೂಲಗಳನ್ನು ತೂಗಿದ ಬಗೆ

ಕರ್ನಾಟಕದಲ್ಲಿ ವಿದ್ಯುತ್ತಿನ ಚರಿತ್ರೆ ನೂರು ವರ್ಷಗಳಿಗೂ ಮಿಗಿಲಾದದ್ದು. ಈ ಅವಧಿಯಲ್ಲಿ ಇಂಧನ ಮೂಲಗಳು ಎಷ್ಟು ಬದಲಾದವೋ ಅವುಗಳನ್ನು ತೂಗುವ ಅಳತೆಗೋಲೂ ಅಷ್ಟೇ ಬದಲಾಗಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದಾಗ ಮುಖ್ಯವಾಗಿದ್ದುದು ದೂರ. 1948ರಲ್ಲಿ ಜೋಗದ ವಿದ್ಯುದಾಗಾರವೂ 1960ರ ದಶಕದಲ್ಲಿ ಶರಾವತಿ ಯೋಜನೆಯೂ ಬಂದಾಗ ಬೆಲೆ ಮುಖ್ಯವಾಯಿತು. ಮಳೆ ಕೈಕೊಟ್ಟರೆ ಜಲವಿದ್ಯುತ್ತೂ ಕೈಕೊಡುತ್ತದೆಂಬುದು ಅನುಭವಕ್ಕೆ ಬಂದ ಮೇಲೆ, 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರವೂ 2000ದಲ್ಲಿ ಕೈಗಾದ ಪರಮಾಣು ಸ್ಥಾವರವೂ ಆ ಕೊರತೆಯನ್ನು ತುಂಬಲು ಬಂದವು. ಶರಾವತಿ ಕಣಿವೆಯಲ್ಲಿ ಮುಳುಗಿದ ಊರುಗಳ ನಷ್ಟ ಮಾತ್ರ ಯೂನಿಟ್ಟಿನ ಬೆಲೆಯಲ್ಲಿ ಎಂದೂ ಸೇರಲಿಲ್ಲ.

ಪ್ರಶ್ನೆಯನ್ನೇ ಬದಲಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕೆ. ಎನ್. ರೆಡ್ಡಿ. 1974ರಲ್ಲಿ ಅವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೂ ಹೋಗಿ ಅಳೆಯಿತು; ಅಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯ ಬಹುಪಾಲು ಸೌದೆಯದು, ಆ ಸೌದೆಯನ್ನೂ ನೀರನ್ನೂ ಹೊತ್ತು ತರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಆ ಕೆಲಸದಿಂದಲೇ ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಂತು, ಗೋಬರ್ ಗ್ಯಾಸಿನಿಂದ ದೀಪ ಉರಿಸಿ ನೀರೆತ್ತುವ ಪ್ರಯೋಗ ನಡೆಯಿತು. ಎಷ್ಟು ಮೆಗಾವಾಟ್ ಬೇಕೆಂದು ಕೇಳುವ ಮೊದಲು ಯಾವ ಕೆಲಸಕ್ಕೆ ಬೇಕೆಂದು ಕೇಳಬೇಕೆಂಬ ಈ ವಿಧಾನಕ್ಕೆ ಅಂತಿಮ ಬಳಕೆಯ ವಿಶ್ಲೇಷಣೆ ಎಂದು ಹೆಸರು. ನಾಡಿನ ಇಂಧನ ಚಿಂತನೆಗೆ ಸಂದ ಅತ್ಯಂತ ಬೆಲೆಯುಳ್ಳ ಕೊಡುಗೆ ಇದೇ.

ಹವಾಮಾನ ಬದಲಾವಣೆಯ ಅರಿವು ಬೆಳೆದಂತೆ ಅಳತೆಗೋಲು ಇಂಗಾಲದ್ದಾಯಿತು. ಸ್ಥಾವರ ಕಟ್ಟುವುದರಿಂದ ಕಳಚುವವರೆಗಿನ ಹೊಗೆಯನ್ನೆಲ್ಲ ಕೂಡಿಸಿ ಪ್ರತಿ ಯೂನಿಟ್ಟಿಗೆ ಹಂಚುವುದು ಜೀವನಚಕ್ರದ ಲೆಕ್ಕ. ಅಂತರಸರ್ಕಾರಿ ಹವಾಮಾನ ಸಮಿತಿಯ 2014ರ ವರದಿಯ ಮಧ್ಯಮ ಅಂದಾಜಿನಂತೆ ಇದು ಕಲ್ಲಿದ್ದಲಿಗೆ 820 ಗ್ರಾಂ, ದೊಡ್ಡ ಸೌರ ಸ್ಥಾವರಕ್ಕೆ 48, ಜಲವಿದ್ಯುತ್ತಿಗೆ 24, ಪರಮಾಣುವಿಗೆ 12, ನೆಲದ ಮೇಲಿನ ಗಾಳಿಯಂತ್ರಕ್ಕೆ 11 ಗ್ರಾಂ. ಕಲ್ಲಿದ್ದಲನ್ನು ಬಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆದರೆ ಬಾಬಾಬುಡನ್‌ಗಿರಿಯ ಮಳೆನೆರಳಿನಲ್ಲಿರುವ ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನಲ್ಲಿ, ಎಮ್ಮೆದೊಡ್ಡಿಯಂಥ ಊರುಗಳ ತೆಂಗು-ಅಡಿಕೆ ತೋಟಗಳ ನಡುವೆ, ಈ ಗ್ರಾಂಗಳ ಲೆಕ್ಕ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಇಲ್ಲಿ ಕರೆಂಟಿನ ಮೊದಲ ಕೆಲಸ ನೀರೆತ್ತುವುದು. 300 ಅಡಿಯಿಂದ ಸಾವಿರ ಲೀಟರ್ ನೀರೆತ್ತಲು ಭೌತಶಾಸ್ತ್ರದ ಪ್ರಕಾರ ಕಾಲು ಯೂನಿಟ್ ಸಾಕು. ನೀರು 900 ಅಡಿಗೆ ಇಳಿದರೆ ಅದೇ ಸಾವಿರ ಲೀಟರಿಗೆ ಮುಕ್ಕಾಲು ಯೂನಿಟ್ ಬೇಕು, ಮೋಟಾರು-ಪೈಪುಗಳಲ್ಲಿ ಸೋರುವ ಶಕ್ತಿಯನ್ನು ಸೇರಿಸಿದರೆ ಅದರ ದುಪ್ಪಟ್ಟು. ರಾತ್ರಿ ತ್ರೀಫೇಸ್ ಬಂದೊಡನೆ ತಾನಾಗಿ ಓಡಲೆಂದು ಆಟೋ ಸ್ಟಾರ್ಟರ್ ಹಾಕಿಟ್ಟ ಮೋಟಾರಿಗೆ ಬದಲಾಗಿ ಹಗಲಿನ ಸೌರ ಪಂಪ್‌ಸೆಟ್ ಬರುವುದು ರೈತನ ನಿದ್ದೆಗೂ ಜೀವಕ್ಕೂ ಒಳಿತೇ; ಆದರೆ ಬಿಸಿಲಿರುವಷ್ಟು ಹೊತ್ತು ಪುಕ್ಕಟೆಯಾಗಿ ಓಡುವ ಪಂಪು ಅಂತರ್ಜಲವನ್ನು ಇನ್ನೂ ಕೆಳಕ್ಕಿಳಿಸಬಲ್ಲದು. ಹಾಗಾಗಿ ಹನಿ ನೀರಾವರಿ ಮತ್ತು ಕೆರೆಯ ಹೂಳೆತ್ತುವ ಕೆಲಸವನ್ನೂ ಇಂಧನ ಯೋಜನೆಯೆಂದೇ ಎಣಿಸಬೇಕು.

ಇನ್ನೊಂದು ಪ್ರಶ್ನೆ ನೆಲದ್ದು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದ್ದು, ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಮೇಲ್ಪಂಕ್ತಿ. ಜಮೀನಿಲ್ಲದ ಕೂಲಿಕಾರರಿಗೆ ಮಾತ್ರ ಆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಕಡೂರು ಸೀಮೆಯಲ್ಲಿ ಖಾಲಿ ಜಾಗವೆಂದು ಹೊರಗಿನವರ ಕಣ್ಣಿಗೆ ಕಾಣುವುದು ಬಹುಮಟ್ಟಿಗೆ ಅಮೃತಮಹಲ್ ಕಾವಲು, ಎಂದರೆ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳ ಮೇವಿಗೆ ಮೀಸಲಾದ ಹುಲ್ಲುಗಾವಲು. ಅಜ್ಜಂಪುರದಲ್ಲಿ ಇಂದಿಗೂ ಆ ತಳಿಯ ಸಂವರ್ಧನ ಕೇಂದ್ರವಿದೆ; ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಿತ ಮೀಸಲಾಯಿತು. ಬೇಸಿಗೆಯಲ್ಲಿ ಒಣಗಿ ಬೂದಿಬಣ್ಣಕ್ಕೆ ತಿರುಗುವ ಈ ಹುಲ್ಲು ತನ್ನ ಇಂಗಾಲದ ಬಹುಪಾಲನ್ನು ಬೇರಿನಲ್ಲಿ, ಮಣ್ಣಿನಲ್ಲಿ ಇಟ್ಟುಕೊಂಡಿರುತ್ತದೆ. ಚಳ್ಳಕೆರೆಯ ಕಾವಲುಗಳು ಸಂಶೋಧನಾ ಸಂಸ್ಥೆಗಳಿಗೂ ಒಂದು ಸೌರ ಯೋಜನೆಗೂ ಹಂಚಿಹೋದಾಗ ದನ-ಕುರಿ ಸಾಕುವವರು ಹಸಿರು ನ್ಯಾಯಮಂಡಳಿಯವರೆಗೆ ಹೋಗಬೇಕಾಯಿತು. ಸೌರ ಫಲಕಗಳಿಗೆ ಮನೆಯ ಚಾವಣಿ, ದನದ ಕೊಟ್ಟಿಗೆ, ಕಾಲುವೆಯ ಮೇಲ್ಭಾಗ ಇರುವಾಗ ಕಾವಲನ್ನು ಮುಟ್ಟುವುದು ಅನ್ಯಾಯ.

ಭದ್ರಾ ಮೇಲ್ದಂಡೆ ಯೋಜನೆ ಈ ಎಲ್ಲ ಪ್ರಶ್ನೆಗಳನ್ನೂ ಒಂದೇ ಕಡೆ ತಂದಿದೆ. ಲಕ್ಕವಳ್ಳಿಯಲ್ಲಿ ಭದ್ರೆಯ ನೀರು ಕೆಳಗಿಳಿಯುತ್ತ ವಿದ್ಯುತ್ತು ಕೊಟ್ಟರೆ, ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಯ ಪಂಪ್‌ಹೌಸುಗಳು ವಿದ್ಯುತ್ತನ್ನು ಉಂಡು ಅದೇ ನದಿಯ ನೀರನ್ನು ಅಜ್ಜಂಪುರದ ಸುರಂಗದತ್ತ ಮೇಲೆತ್ತುತ್ತವೆ. ನೀರೆತ್ತುವ ಕಾಲವೆಂದರೆ ಮಳೆಗಾಲ. ಮೋಡ ಕವಿದು ಸೌರ ಫಲಕಗಳು ಮಂಕಾಗುವ ಆ ತಿಂಗಳುಗಳಲ್ಲೇ ಹೊಸದುರ್ಗ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಅತಿ ಹೆಚ್ಚು ತಿರುಗುತ್ತವೆ.