ಜನಾರೋಗ್ಯದ ಎಂಜಿನಿಯರ್: ಸರ್ ಎಂ. ವಿಶ್ವೇಶ್ವರಯ್ಯ

ವಿಶ್ವೇಶ್ವರಯ್ಯನವರು 1884ರಲ್ಲಿ ಸೇವೆಗೆ ಸೇರಿದ್ದು ಬ್ರಿಟಿಷರ ಆಳ್ವಿಕೆಯ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ. ಕನ್ನಂಬಾಡಿ ಕಟ್ಟೆಗೂ ಮೊದಲೇ ಅವರು ಊರುಗಳ ಕುಡಿಯುವ ನೀರು, ಚರಂಡಿಗಾಗಿ ದುಡಿದರು. ಪ್ರಾಂತದ ನೈರ್ಮಲ್ಯ ಎಂಜಿನಿಯರ್ ಹುದ್ದೆಯನ್ನೂ ನಿರ್ವಹಿಸಿದರು.

ಸಕ್ಕರ್, 1895
ಸಿಂಧೂ ನದಿಯ ಕೆಸರು ನೀರು ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಗೆ ಹಣ ಸಾಲದಾಯಿತು. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳೇ ನೀರನ್ನು ಸೋಸಿತು. ತಿಳಿನೀರನ್ನು ಪಂಪಿನಿಂದ ಮೇಲೆತ್ತಿ ಊರಿಗೆ ಹರಿಸಲಾಯಿತು.

ಏಡನ್, 1906
ಮಳೆ ಅಪರೂಪವಾದ ಈ ಬಂದರು ಪಟ್ಟಣಕ್ಕೆ ಒಳನಾಡಿನ ನದೀಪಾತ್ರದ ಬಾವಿಗಳಿಂದ ನೀರು ತರುವ ಯೋಜನೆ ಕೊಟ್ಟರು. ಒಳಚರಂಡಿಗೂ ದಾರಿ ತೋರಿದರು.

ಹೈದರಾಬಾದ್, 1909
1908ರ ಸೆಪ್ಟೆಂಬರಿನ ಮೂಸಿ ಪ್ರವಾಹ ಸಾವಿರಾರು ಜೀವಗಳನ್ನು ಬಲಿ ಪಡೆದಿತ್ತು. ಪ್ರವಾಹ ತಡೆಯುವ ಜಲಾಶಯಗಳ ಜೊತೆಗೆ ನಗರದ ಒಳಚರಂಡಿ ಯೋಜನೆಯನ್ನೂ ಅವರು ರೂಪಿಸಿದರು.

ಕಾಲರಾ, ವಿಷಮಶೀತ ಜ್ವರ ಹರಡುವುದು ಮಲಿನ ನೀರಿನಿಂದ. ಶುದ್ಧ ನೀರು, ಸುಸ್ಥಿತಿಯ ಚರಂಡಿ ಇದ್ದರೆ ಎಷ್ಟೋ ರೋಗಗಳನ್ನು ಮನೆಯ ಹೊರಗೇ ತಡೆಯಬಹುದು. ಊರಿನ ಆರೋಗ್ಯ ಕಾಯುವುದರಲ್ಲಿ ವೈದ್ಯರಷ್ಟೇ ಪಾಲು ಎಂಜಿನಿಯರುಗಳಿಗೂ ಇದೆ.